ಆ ಮಗು ಎಲ್ಲಿ ಹೋಯ್ತು? ‘ಕಳಂಕ’ ಕಥೆ ಕಳಿಸಿದವರಿಗೆ ಒಂದು ಉತ್ತರ

ನಮಸ್ಕಾರ.

ನಿಮ್ಮ ‘ಕಳಂಕ’ ಕಥೆ ಓದಿದೆ. ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ಸಾಮಾನ್ಯವಾಗಿ ಇಷ್ಟು ಹೇಳಿ ಮುಗಿಸುತ್ತೇನೆ. ನಿಮಗೆ ಉದ್ದ ಬರೆಯುತ್ತಿದ್ದೇನೆ, ಯಾಕೆಂದರೆ ಕಥೆ ಓದಿ ನನಗೆ ಸಿಟ್ಟು ಬಂತು. ಕೆಟ್ಟ ಕಥೆ ಓದಿದರೆ ಸಿಟ್ಟು ಬರುವುದಿಲ್ಲ, ಪಕ್ಕಕ್ಕೆ ಇಡುತ್ತೇವೆ ಅಷ್ಟೇ. ಒಳ್ಳೆಯ ಸಂಗತಿ ಕೈಗೆ ಸಿಕ್ಕಿಯೂ ಬರೆದವರು ಅದನ್ನು ನೋಡದೆ ದಾಟಿಹೋದರೆ ಸಿಟ್ಟು ಬರುತ್ತದೆ. ಹೆಸರು ಹಾಕದೆ ಈ ಉತ್ತರವನ್ನು ಇಲ್ಲೇ ಪ್ರಕಟಿಸಲು ಒಪ್ಪಿದ್ದೀರಿ. ಅದಕ್ಕೆ ಥ್ಯಾಂಕ್ಸ್.

ಬೇರೆ ಓದುಗರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1643ರ ಬಾಸ್ಟನ್, ಅಮೆರಿಕ. ಇಂಗ್ಲೆಂಡಿನಿಂದ ಬಂದು ನೆಲೆಸಿದ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರ ಊರು. ಮಾರ್ಥಾಳ ಗಂಡ ಹಡಗು ಹತ್ತಿ ಹೋಗಿ ಎರಡು ವರ್ಷವಾಗಿದೆ. ಅವಳಿಗೆ ಮಗು ಹುಟ್ಟುತ್ತದೆ. ಊರಿನವರು ವ್ಯಭಿಚಾರದ ಗುರುತಾಗಿ ಅವಳ ಎದೆಗೆ ಕೆಂಪು ಅಕ್ಷರ ಹಚ್ಚಿ, ಸಂತೆ ಬಯಲಿನ ಅಟ್ಟಣಿಗೆಯ ಮೇಲೆ ಮೂರು ಗಂಟೆ ನಿಲ್ಲಿಸುತ್ತಾರೆ. ಮಗುವಿನ ತಂದೆ ಥಾಮಸ್ ಗುಟ್ಟಾಗಿ ಪಾದ್ರಿಯ ಹತ್ತಿರ ತಪ್ಪೊಪ್ಪಿಕೊಂಡು ಹಗುರಾಗುತ್ತಾನೆ. ಮಾರ್ಥಾ ಸಮುದ್ರಕ್ಕೆ ಹಾರುತ್ತಾಳೆ. ಎಂ.ಎ. ಓದುವಾಗ ನೆಥಾನಿಯಲ್ ಹಾಥಾರ್ನ್ 1850ರಲ್ಲಿ ಬರೆದ ‘ದಿ ಸ್ಕಾರ್ಲೆಟ್ ಲೆಟರ್’ ನಿಮ್ಮನ್ನು ಅಲ್ಲಾಡಿಸಿತು, ಈ ಕಥೆ ಆ ಕಾದಂಬರಿಗೆ ನಿಮ್ಮ ನಮಸ್ಕಾರ, ‘ಪ್ಯೂರಿಟನ್ ಸಮಾಜದ ಕ್ರೌರ್ಯವನ್ನು ಬಯಲಿಗೆಳೆಯುವುದೇ ನನ್ನ ಉದ್ದೇಶ’ ಅಂತ ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ.

ನಿಮ್ಮ ಭಾಷೆ ಸ್ವಚ್ಛವಾಗಿದೆ. ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ಬಂದರಿನಲ್ಲಿ ಕಾಡ್ ಮೀನು ಒಣಗಿಸುವ ಪ್ಯಾರಾ ಚೆನ್ನಾಗಿದೆ. ಹೊಗಳುವುದು ಇಷ್ಟೇ.

ಈಗ ಎರಡನೇ ಪುಟದ ಈ ವಾಕ್ಯ ನೋಡಿ.

‘ಬಾಸ್ಟನ್ನಿನ ಕ್ರೂರ, ಕಟುಕ, ಮತಾಂಧ ಜನರು ಆ ಮುಗ್ಧ ಅಬಲೆಯನ್ನು ಕಂಡು ಗಹಗಹಿಸಿ ನಕ್ಕರು.’

ಜನರಿಗೆ ಮೂರು ವಿಶೇಷಣ, ಅವಳಿಗೆ ಎರಡು. ಓದುವವನು ಯಾರನ್ನು ದ್ವೇಷಿಸಬೇಕು, ಯಾರಿಗಾಗಿ ಮರುಗಬೇಕು ಅನ್ನುವುದನ್ನು ನೀವೇ ತೀರ್ಮಾನ ಮಾಡಿ, ಒಬ್ಬೊಬ್ಬರ ಎದೆಗೂ ಒಂದೊಂದು ಚೀಟಿ ಅಂಟಿಸಿದ್ದೀರಿ. ಮಾರ್ಥಾಗೆ ಮ್ಯಾಜಿಸ್ಟ್ರೇಟರು ಮಾಡಿದ್ದೂ ಇದನ್ನೇ ಅಲ್ವಾ? ಅವರು ಒಬ್ಬಳಿಗೆ ಅಕ್ಷರ ಹಚ್ಚಿದರು. ನೀವು ಇಡೀ ಊರಿಗೆ ಹಚ್ಚಿದಿರಿ.

ನೀವು ಅಷ್ಟು ಮೆಚ್ಚಿದ ಕಾದಂಬರಿಯಲ್ಲಿ ಆ ಜನ ಹೇಗಿದ್ದಾರೆ ಅಂತ ಮತ್ತೊಮ್ಮೆ ನೋಡಿ. ಮಾರ್ಥಾಳಂತೆಯೇ ಶಿಕ್ಷೆಗೆ ಗುರಿಯಾದ ನಾಯಕಿ ಹೆಸ್ಟರ್ ಪ್ರಿನ್ ಮಗುವನ್ನು ಎತ್ತಿಕೊಂಡು ಜೈಲಿನ ಬಾಗಿಲಿಗೆ ಬರುವ ಮೊದಲೇ ಹೊರಗೆ ಹುಲ್ಲಿನ ಮೇಲೆ ನಿಂತ ನಾಲ್ಕೈದು ಹೆಂಗಸರು ಮಾತಾಡುತ್ತಿರುತ್ತಾರೆ. ಒಬ್ಬಳಿಗೆ, ಈ ತೀರ್ಪನ್ನು ನಮ್ಮಂಥ ಹೆಂಗಸರ ಕೈಗೆ ಕೊಡಬೇಕಿತ್ತು ಅನ್ನುವ ಅಸಮಾಧಾನ. ಇನ್ನೊಬ್ಬಳು, ಪಾಪ ನಮ್ಮ ಪಾದ್ರಿ ಡಿಮ್ಸ್‌ಡೇಲ್ ಇದನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದಾರಂತೆ ಅನ್ನುತ್ತಾಳೆ. ಮೊದಲ ಸಲ ಓದುವಾಗ ಈ ಮಾತು ಸುಮ್ನೆ ಕಿವಿ ದಾಟಿ ಹೋಗುತ್ತದೆ. ಆ ಪಾದ್ರಿಯೇ ಮಗುವಿನ ತಂದೆ ಅಂತ ಗೊತ್ತಾದ ಮೇಲೆ ಮತ್ತೆ ಓದಿದರೆ ಚುರುಕ್ ಅನ್ನುತ್ತದೆ. ಮೂರನೆಯವಳಿಗೆ, ಬಟ್ಟೆಯ ಅಕ್ಷರ ಏನು ಮಹಾ, ಹಣೆಗೇ ಬರೆ ಹಾಕಬೇಕಿತ್ತು. ಮಗುವಿನ ಕೈ ಹಿಡಿದು ನಿಂತ ಒಬ್ಬ ಎಳೆಯ ಹೆಂಗಸು ಮಾತ್ರ, ಮೇಲಿನ ಗುರುತು ಬೇಕಾದರೆ ಮುಚ್ಚಿಕೊಳ್ಳಲಿ, ಒಳಗಿನ ನೋವು ಹೋಗುತ್ತದೆಯೇ ಅಂತ ಮೆಲ್ಲಗೆ ಹೇಳುತ್ತಾಳೆ. ಹೆಸ್ಟರ್ ಹೊರಗೆ ಬಂದಾಗ ಒಬ್ಬ ಮುದುಕಿಗೆ ಆ ಅಕ್ಷರದ ಕಸೂತಿ ನೋಡಿ ಹೊಟ್ಟೆ ಉರಿಯುತ್ತದೆ. ಕೀಲುನೋವಿಗೆ ಸುತ್ತಿಕೊಳ್ಳುವ ನನ್ನ ಹಳೇ ಫ್ಲಾನೆಲ್ ಚೂರು ಕೊಡುತ್ತೇನೆ, ಇವಳಿಗೆ ಅದೇ ಸರಿ ಅನ್ನುತ್ತಾಳೆ.

ಕೀಲುನೋವಿನ ಫ್ಲಾನೆಲ್! ಈ ಒಂದು ಬಟ್ಟೆ ಚೂರಿನಲ್ಲಿ ಆ ಮುದುಕಿಯ ವಯಸ್ಸು, ಚಳಿ, ಹೊಟ್ಟೆಕಿಚ್ಚು ಎಲ್ಲಾ ಬಂತು. ‘ಕ್ರೂರ’ ಅನ್ನುವ ಪದದಲ್ಲಿ ಏನು ಬಂತು?

ಶಾಲೆಯ ಹುಡುಗರೂ ಇದ್ದಾರೆ. ಅವರಿಗೆ ಇದೆಲ್ಲ ಏನು ಅಂತ ಅರ್ಥವಾಗಿಲ್ಲ. ಅರ್ಧ ದಿನ ರಜ ಸಿಕ್ಕಿದೆ ಅನ್ನುವುದಷ್ಟೇ ಗೊತ್ತು. ಹೆಸ್ಟರ್‌ಳ ಮುಂದೆ ಮುಂದೆ ಓಡುತ್ತಾ, ತಿರುಗಿ ತಿರುಗಿ ಅವಳ ಮುಖ, ಮಗು, ಅಕ್ಷರ ನೋಡುತ್ತಾರೆ.

ಮತ್ತೆ, ಯಾರೂ ನಗುವುದಿಲ್ಲ. ಜನ ಗೊಳ್ಳೆಂದು ನಕ್ಕಿದ್ದರೆ ಹೆಸ್ಟರ್ ಕೂಡ ಒಂದು ತಿರಸ್ಕಾರದ ನಗೆ ನಕ್ಕು ಲೆಕ್ಕ ಚುಕ್ತಾ ಮಾಡುತ್ತಿದ್ದಳು ಅಂತ ಹಾಥಾರ್ನ್ ಹೇಳುತ್ತಾನೆ. ಆದರೆ ಅವರು ಗಂಭೀರವಾಗಿ, ಸೀಸದಷ್ಟು ಭಾರವಾಗಿ ನೋಡುತ್ತಾ ನಿಂತಿದ್ದರು. ತಡೆಯಲಾಗದ್ದು ಅದು. ನೀವು ಜನರನ್ನು ಗಹಗಹಿಸಿ ನಗಿಸಿ ಮಾರ್ಥಾಳ ಕಷ್ಟವನ್ನು ಕಡಿಮೆ ಮಾಡಿದ್ದೀರಿ.

ಇನ್ನೊಂದು ಮಾತು. ಬಾಸ್ಟನ್ ಸೇರಿದ್ದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಆ ಕಾಲದ ಕಾನೂನಿನಲ್ಲಿ ಈ ತಪ್ಪಿಗೆ ಮರಣದಂಡನೆಯೇ ಇತ್ತು. 1644ರಲ್ಲಿ ಬಾಸ್ಟನ್ನಿನಲ್ಲಿ ಮೇರಿ ಲೇಥಮ್ ಎಂಬ ಸುಮಾರು 18 ವರ್ಷದ ಹುಡುಗಿಯನ್ನೂ ಜೇಮ್ಸ್ ಬ್ರಿಟನ್ ಎಂಬವನನ್ನೂ ಗಲ್ಲಿಗೇರಿಸಿದರು. ಬಟ್ಟೆಗೆ ‘ಎ’ (ಅಡಲ್ಟರಿ, ಅಂದರೆ ವ್ಯಭಿಚಾರ) ಹಚ್ಚಿಕೊಂಡು ತಿರುಗಬೇಕೆಂಬ ಕಾನೂನು ಮ್ಯಾಸಚೂಸೆಟ್ಸ್‌ನಲ್ಲಿ ಬಂದದ್ದು 1694ರಲ್ಲಿ. ಅಕ್ಷರ ಎರಡು ಇಂಚು ಉದ್ದ, ಜೊತೆಗೆ ಚಾಟಿಯೇಟು, ಕುತ್ತಿಗೆಗೆ ಹಗ್ಗ ಹಾಕಿಕೊಂಡು ಗಲ್ಲುಮರದ ಮೇಲೆ ಒಂದು ಗಂಟೆ ಕೂರುವುದು. ಹಾಥಾರ್ನ್ ಇಸವಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಿದ್ದಾನೆ, ನೀವೂ ಎಳೆದುಕೊಳ್ಳಿ, ನನಗೆ ತಕರಾರಿಲ್ಲ. ಆದರೆ ಅವನು ಒಂದು ಕಾರಣ ಕೊಡುತ್ತಾನೆ. ಹೆಸ್ಟರ್ ಎಳೆ ವಯಸ್ಸಿನವಳು, ಚೆಲುವೆ, ಗಂಡ ಬಹುಶಃ ಸಮುದ್ರದ ತಳ ಸೇರಿದ್ದಾನೆ, ಆದ್ದರಿಂದ ಪ್ರಾಣ ತೆಗೆಯುವುದು ಬೇಡ ಅಂತ ಮ್ಯಾಜಿಸ್ಟ್ರೇಟರು ಕನಿಕರ ತೋರಿಸಿದರಂತೆ. ಅಂದರೆ ಆ ಅಕ್ಷರ ಅವರ ಲೆಕ್ಕದಲ್ಲಿ ದಯೆ! ತಾವು ಒಳ್ಳೆಯವರು, ಸ್ವಲ್ಪ ಜಾಸ್ತಿಯೇ ಒಳ್ಳೆಯವರು ಅಂತ ನಂಬಿಕೊಂಡು ಜನ ಅಲ್ಲಿ ನಿಂತಿದ್ದಾರೆ. ನಿಮ್ಮ ಮಾರ್ಥಾಳ ಗಂಡನೂ ಸಮುದ್ರದಲ್ಲೇ ಇದ್ದಾನೆ. ಈ ದಾರಿ ನಿಮಗೂ ತೆರೆದೇ ಇತ್ತು.

ನಾನು ಕೆಲಸ ಕಲಿತದ್ದು ಒಂದು ಜಿಲ್ಲಾ ಪತ್ರಿಕೆಯ ಡೆಸ್ಕಿನಲ್ಲಿ. ಹಳ್ಳಿಗಳಿಂದ ವರದಿಗಾರರು ಸುದ್ದಿ ಕಳಿಸುತ್ತಿದ್ದರು, ನಾವು ಹುಡುಗರು ತಿದ್ದಿ ಪುಟಕ್ಕೆ ಹಾಕುತ್ತಿದ್ದೆವು. ಅಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಅವರಿಗೆ ‘ಗ್ರಾಮಸ್ಥರು ಆಕ್ರೋಶ ವ್ಯಕ್ತಪಡಿಸಿದರು’ ಅನ್ನುವ ಸಾಲು ಕಂಡರೆ ಆಗುತ್ತಿರಲಿಲ್ಲ. ಒಂದು ಸಂಜೆ ಒಂದು ಸುದ್ದಿ ಬಂತು. ಕಳ್ಳತನದ ಅನುಮಾನದ ಮೇಲೆ ಒಬ್ಬನನ್ನು ಹಳ್ಳಿಯಲ್ಲಿ ಲೈಟ್ ಕಂಬಕ್ಕೆ ಕಟ್ಟಿದ್ದರು, ಪೊಲೀಸರು ಬಂದು ಬಿಡಿಸಿದರು. ಕೊನೆಯಲ್ಲಿ ಅದೇ ಗ್ರಾಮಸ್ಥರು, ಅದೇ ಆಕ್ರೋಶ. ಹಿರಿಯರು ಫೋನ್ ತೆಗೆದುಕೊಂಡು ವರದಿಗಾರನಿಗೆ ಕೇಳಿದ್ದು ಒಂದೇ ಪ್ರಶ್ನೆ: ‘ಹಗ್ಗ ಯಾರದ್ದಪ್ಪಾ?’

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು ವಿಚಾರಿಸಿ ಹೇಳಿದ. ಹಗ್ಗ ಎದುರು ಮನೆಯವರದ್ದು. ಕರು ಕಟ್ಟುವ ಹಗ್ಗ. ಆ ಮನೆಯ ಯಜಮಾನ ಗಲಾಟೆಯಲ್ಲಿ ಒಂದು ಏಟೂ ಹೊಡೆದವನಲ್ಲ. ಹಾಲು ಕರೆಯುವ ಹೊತ್ತಾಗುತ್ತಿದೆ, ಹಗ್ಗ ವಾಪಸ್ ಬೇಕು ಅಂತ ಜಗಲಿಯ ಮೇಲೆ ಕಾಯುತ್ತಾ ಕೂತಿದ್ದನಂತೆ.

ಹಿರಿಯರು ಆ ಸಾಲನ್ನು ಸುದ್ದಿಗೆ ಸೇರಿಸಲಿಲ್ಲ, ಜಾಗ ಇರಲಿಲ್ಲ. ನಮ್ಮ ಕಡೆ ತಿರುಗಿ, ‘ಈಗ ಆಕ್ರೋಶ ಅಂತ ಬರೀರಿ ನೋಡೋಣ’ ಅಂದರು. ಡೆಸ್ಕಿನಲ್ಲಿ ಯಾರಿಗೂ ಬರೆಯುವ ಮನಸ್ಸಾಗಲಿಲ್ಲ. ಆವತ್ತಿನಿಂದ ಎಲ್ಲಿ ‘ಜನ’ ಅಂತ ಓದಿದರೂ ನನ್ನ ತಲೆ ಹಗ್ಗ ಹುಡುಕಲು ಹೋಗುತ್ತದೆ. ಇದು ರೋಗವೇ ಇರಬಹುದು. ನಿಮ್ಮ ಕಥೆಗೂ ಅದೇ ರೋಗ ಹಿಡಿದುಕೊಂಡು ಕೂತೆ.

ಬಾಸ್ಟನ್ನಿನಲ್ಲಿ ಈ ಪ್ರಶ್ನೆಗೆ ದಾಖಲೆಯಲ್ಲೇ ಉತ್ತರವಿದೆ. 1639ರಲ್ಲಿ ಊರಿನವರು ಅಪರಾಧಿಗಳ ಕಾಲಿಗೆ ಹಾಕುವ ಮರದ ಕೋಳ ಮಾಡಲು ಎಡ್ವರ್ಡ್ ಪಾಮರ್ ಎಂಬ ಬಡಗಿಗೆ ಹೇಳಿದರು. ಅವನು ಬಿಲ್ ಕೊಟ್ಟ. ಬಿಲ್ ಜಾಸ್ತಿಯಾಯಿತು, ಇದು ಸುಲಿಗೆ ಅಂತ ಅವನಿಗೆ ದಂಡ ಹಾಕಿ, ಅವನೇ ಮಾಡಿದ ಕೋಳದಲ್ಲಿ ಅವನನ್ನೇ ಒಂದು ಗಂಟೆ ಕೂರಿಸಲು ತೀರ್ಪು ಕೊಟ್ಟರು. ಈ ಬಡಗಿ ನಿಮ್ಮ ಕಥೆಯ ಜನರ ನಡುವೆ ನಿಂತಿದ್ದರೆ ಅವನು ಮಾರ್ಥಾಳ ಮುಖ ನೋಡುತ್ತಿದ್ದನೇ? ಅಟ್ಟಣಿಗೆಯ ಹಲಗೆ ಸರಿಯಾಗಿ ಕೂತಿದೆಯೇ ಅಂತ ನೋಡುತ್ತಿದ್ದನೇ? 1634ರಲ್ಲಿ ರಾಬರ್ಟ್ ಕೋಲ್ಸ್ ಎಂಬ ಕುಡುಕನಿಗೆ ಬಿಳಿ ಬಟ್ಟೆಯ ಮೇಲೆ ಕೆಂಪು ‘ಡಿ’ ಹಚ್ಚಿ ಒಂದು ವರ್ಷ ಕುತ್ತಿಗೆಗೆ ಹಾಕಿಕೊಂಡಿರಲು ಹೇಳಿದ್ದರು. ಅಂಥವನೊಬ್ಬ ಆ ಗುಂಪಿನಲ್ಲಿ ನಿಂತು ಇನ್ನೊಬ್ಬರ ಅಕ್ಷರ ನೋಡುತ್ತಿದ್ದರೆ? ನಾನು ಕೇಳುತ್ತಿರುವುದು ಇಂಥವರನ್ನು.

ಇದೇ ಪುಟದ ಮುಂದಿನ ಸಾಲು: ‘ಅವಳ ಎದೆಯ ಮೇಲೆ ಕಳಂಕದ ಅಕ್ಷರವನ್ನು ಹೊಲಿಯಲಾಯಿತು.’

ಯಾರು ಹೊಲಿದರು? ಜೈಲರನ ಹೆಂಡತಿಯೇ? ಸೂಜಿ ಚುಚ್ಚುವಾಗ ಅವಳು ಮಾರ್ಥಾಳ ಹತ್ತಿರ ಏನಾದರೂ ಮಾತಾಡಿದಳೇ? ಮಗು ಪಕ್ಕದಲ್ಲಿ ಅಳುತ್ತಿತ್ತೇ? ‘ಹೊಲಿಯಲಾಯಿತು’ ಅಂತ ಬರೆದು ನೀವು ಕೈ ತೊಳೆದುಕೊಂಡಿದ್ದೀರಿ. ಸರ್ಕಾರಿ ಆದೇಶದಲ್ಲಿ ಹೀಗೆ ಬರೆಯುತ್ತಾರೆ, ಮಾಡಿದವರು ಯಾರು ಅಂತ ಗೊತ್ತಾಗಬಾರದು ಅಂತಲೇ. ಹೆಸ್ಟರ್ ತನ್ನ ಅಕ್ಷರವನ್ನು ತಾನೇ ಹೊಲಿದಳು, ಅದೂ ಚಿನ್ನದ ದಾರದ ಕಸೂತಿ ಹಾಕಿ. ಆ ಮುದುಕಿಗೆ ಹೊಟ್ಟೆ ಉರಿದದ್ದು ಅದಕ್ಕೇ. ಶಿಕ್ಷೆ ಕೊಟ್ಟವರ ಬಟ್ಟೆಯ ಮೇಲೆ ಅವಳ ಬೆರಳು ಓಡಾಡಿತ್ತು. ಆಮೇಲೆ ಅವಳು ಹೊಟ್ಟೆ ಹೊರೆದದ್ದೂ ಅದೇ ಸೂಜಿಯಿಂದ. ಗವರ್ನರನ ಕಾಲರ್ ಪಟ್ಟಿ, ಶವಸಂಸ್ಕಾರದ ಬಟ್ಟೆ, ಹಸುಗೂಸಿನ ಟೋಪಿ ಎಲ್ಲವನ್ನೂ ಊರು ಅವಳ ಕೈಯಿಂದ ಹೊಲಿಸಿಕೊಂಡಿತು. ಮದುಮಗಳ ಮುಸುಕನ್ನು ಮಾತ್ರ ಒಮ್ಮೆಯೂ ಕೊಡಲಿಲ್ಲ. ಈ ಮುಸುಕಿನ ಸಂಗತಿಯನ್ನು ಹಾಥಾರ್ನ್ ಒಂದೆರಡು ಸಾಲಿನಲ್ಲಿ, ಗೋಳಾಡದೆ ಹೇಳಿ ಮುಂದೆ ಹೋಗುತ್ತಾನೆ. ನೀವಾಗಿದ್ದರೆ ಅಲ್ಲಿ ‘ಅಯ್ಯೋ ಕ್ರೂರ ಸಮಾಜವೇ’ ಅಂತ ಒಂದು ಸಾಲು ಹಾಕುತ್ತಿದ್ದಿರಿ.

ಈಗ ನನಗೆ ನಿಜಕ್ಕೂ ತಲೆ ಕೆಟ್ಟ ಸಾಲು: ‘ನಾಚಿಕೆಯಿಂದ ಕುಗ್ಗಿಹೋದ ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.’

ಎರಡೂ ಕೈಗಳಿಂದ! ಸ್ವಾಮೀ, ಮಗು ಎಲ್ಲಿ ಹೋಯ್ತು? ಹಿಂದಿನ ಪ್ಯಾರಾದಲ್ಲಿ ಅವಳು ಮಗುವನ್ನು ಅಪ್ಪಿಕೊಂಡೇ ಮೆಟ್ಟಿಲು ಹತ್ತಿದ್ದಳು. ನಾನು ಎರಡು ಸಲ ಹಿಂದೆ ಹೋಗಿ ನೋಡಿದೆ. ಮಗುವನ್ನು ಯಾರಿಗೂ ಕೊಟ್ಟಿಲ್ಲ, ಕೆಳಗೂ ಇಳಿಸಿಲ್ಲ. ಇದು ಸಣ್ಣ ತಪ್ಪಲ್ಲ. ನೀವು ಮಾರ್ಥಾಳನ್ನು ನೋಡುತ್ತಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ನಾಚಿಕೆ ಅಂದ ಕೂಡಲೇ ನೆನಪಿಗೆ ಬರುವ ಸಿನಿಮಾ ಭಂಗಿ ಬಂತು, ಅದನ್ನು ಬರೆದಿರಿ, ಮಗು ಬಿದ್ದುಹೋಯಿತು.

ಹಾಥಾರ್ನ್ ಆ ಮಗುವಿನಿಂದಲೇ ಕೆಲಸ ತೆಗೆಯುತ್ತಾನೆ. ಹೆಸ್ಟರ್‌ಗೆ ಮೊದಲು ಅನ್ನಿಸುವುದು, ಮಗುವನ್ನು ಎದೆಗವಚಿ ಅಕ್ಷರವನ್ನು ಮುಚ್ಚಿಬಿಡಬೇಕು ಅಂತ. ಮರುಕ್ಷಣವೇ ಹೊಳೆಯುತ್ತದೆ: ಮಗುವೂ ಅದೇ ಗುರುತು, ಒಂದರಿಂದ ಇನ್ನೊಂದನ್ನು ಮುಚ್ಚಿ ಏನು ಬಂತು? ಮಗುವನ್ನು ತೋಳಿಗೆ ಸರಿಸಿಕೊಂಡು, ಮುಖ ಕೆಂಪಾಗಿದ್ದರೂ ಒಂದು ಹಮ್ಮಿನ ನಗೆ ನಕ್ಕು ಸುತ್ತ ನೋಡುತ್ತಾಳೆ. ನಾಚಿಕೆ, ಸೆಟೆ, ಲೆಕ್ಕಾಚಾರ, ಮೂರೂ ಒಂದೇ ಚಲನೆಯಲ್ಲಿ. ಆ ಅಟ್ಟಣಿಗೆಯ ಮೇಲೆ ಕತ್ತು ಮತ್ತು ಕೈ ಸಿಕ್ಕಿಸುವ ಮರದ ಚೌಕಟ್ಟೂ ಇತ್ತು. ಅವಳ ಶಿಕ್ಷೆಯಲ್ಲಿ ಅದು ಸೇರಿರಲಿಲ್ಲ. ನಾಚಿಕೆಯಾದಾಗ ಮುಖ ಮುಚ್ಚಿಕೊಳ್ಳಲೂ ಬಿಡದ ಆ ಯಂತ್ರಕ್ಕಿಂತ ದೊಡ್ಡ ಅನ್ಯಾಯ ಇಲ್ಲ ಅಂತ ಹಾಥಾರ್ನ್ ಅಲ್ಲೇ ಹೇಳುತ್ತಾನೆ. ನಿಮ್ಮ ಮಾರ್ಥಾಗೆ ಮುಖ ಮುಚ್ಚಿಕೊಳ್ಳುವ ಅನುಕೂಲ ಮಾಡಿಕೊಟ್ಟದ್ದು ನೀವು.

ಆಮೇಲೆ: ‘ಮೂರು ಗಂಟೆಗಳ ನರಕಯಾತನೆಯ ನಂತರ ಅವಳನ್ನು ಕೆಳಗಿಳಿಸಲಾಯಿತು.’ ಇಡೀ ಕಥೆ ಈ ಮೂರು ಗಂಟೆಗಾಗಿ ಇದೆ. ನೀವು ಅದನ್ನು ಒಂದು ಸಾಲಿನಲ್ಲಿ ದಾಟಿ, ಸಮುದ್ರಕ್ಕೆ ಹಾರುವುದಕ್ಕೆ ಮೂರು ಪುಟ ಕೊಟ್ಟಿದ್ದೀರಿ. ಮೂರು ಗಂಟೆ ಒಂದೇ ಕಡೆ ನಿಂತವಳಿಗೆ ಮೊದಲು ಕಾಲು ನೋಯುತ್ತದೆ. ಮಗುವಿಗೆ ಹಸಿವಾಗುತ್ತದೆ. ಬಿಸಿಲು ಎಲ್ಲಿಂದ ಬೀಳುತ್ತಿದೆ? ಹೆಸ್ಟರ್‌ಳ ಮನಸ್ಸು ಅಲ್ಲಿ ನಿಲ್ಲುವುದೇ ಇಲ್ಲ. ಇಂಗ್ಲೆಂಡಿನ ತವರುಮನೆ, ಅಪ್ಪನ ಮುಖ, ಅಮ್ಮನ ಮುಖ, ಚಿಕ್ಕಂದಿನ ಆಟ, ಜಗಳ, ಹೀಗೆ ಕೆಲಸಕ್ಕೆ ಬಾರದ ಸಂಗತಿಗಳೇ ಓಡಿ ಬರುತ್ತವೆ. ಬದುಕಿಕೊಳ್ಳಲು ಮನಸ್ಸು ಮಾಡುವ ಉಪಾಯ ಅದು.

ಎರಡನೇ ತಪ್ಪಿಗೆ ಬರುತ್ತೇನೆ. ಇದು ಮಾಹಿತಿಯ ತಪ್ಪಿನ ಹಾಗೆ ಕಾಣುತ್ತದೆ, ಆದರೆ ಕಥೆಯ ಬುಡವೇ ಇಲ್ಲಿ ಅಲ್ಲಾಡಿದೆ.

‘ಕತ್ತಲ ಗೂಡಿನಲ್ಲಿ, ಜಾಲರಿಯ ಹಿಂದೆ ಕುಳಿತ ಪಾದ್ರಿಯ ಮುಂದೆ ಥಾಮಸ್ ತನ್ನ ಪಾಪವನ್ನು ತೋಡಿಕೊಂಡ. ಪಾದ್ರಿ ಶಿಲುಬೆ ಎತ್ತಿ ಅವನನ್ನು ಕ್ಷಮಿಸಿದ. ಥಾಮಸನ ಎದೆ ಹಗುರಾಯಿತು.’

ಇದು ಕ್ಯಾಥೊಲಿಕ್ ಚರ್ಚಿನ ದೃಶ್ಯ. ಪ್ಯೂರಿಟನ್ನರು ಇಂಗ್ಲೆಂಡ್ ಬಿಟ್ಟು ಬಂದದ್ದೇ ಚರ್ಚಿನಲ್ಲಿ ಇಂಥ ರೋಮನ್ ಪದ್ಧತಿಗಳು ಇನ್ನೂ ಉಳಿದಿವೆ ಅನ್ನುವ ಸಿಟ್ಟಿನಿಂದ. ಅವರು ಪ್ರಾರ್ಥನೆಗೆ ಸೇರುವ ಮೀಟಿಂಗ್ ಹೌಸ್‌ನಲ್ಲಿ ಶಿಲುಬೆ ಇಲ್ಲ, ಪ್ರತಿಮೆ ಇಲ್ಲ, ಬಣ್ಣದ ಗಾಜಿಲ್ಲ. 1634ರಲ್ಲಿ ಬಾಸ್ಟನ್ ಹತ್ತಿರದ ಸೇಲಮ್‌ನ ಮುಖಂಡ ಜಾನ್ ಎಂಡಿಕಾಟ್ ಇಂಗ್ಲಿಷ್ ಧ್ವಜದಲ್ಲಿದ್ದ ಕೆಂಪು ಶಿಲುಬೆಯನ್ನೇ ಕತ್ತರಿಸಿ ತೆಗೆಸಿದ, ಅದು ಪೋಪನ ಗುರುತು ಅಂತ. ಅಂಥ ಊರಿನಲ್ಲಿ ನಿಮ್ಮ ಪಾದ್ರಿ ಶಿಲುಬೆ ಎತ್ತಿದರೆ ಮಾರ್ಥಾಗಿಂತ ಮೊದಲು ಅವನನ್ನೇ ಅಟ್ಟಣಿಗೆ ಹತ್ತಿಸುತ್ತಾರೆ.

ಇರಲಿ, ಶಿಲುಬೆ ತೆಗೆದರೆ ಸರಿಹೋಗುತ್ತದೆ. ಗೂಡು ತೆಗೆದರೆ? ಅಲ್ಲಿ ಪಾಪವನ್ನು ಕಿವಿಯಲ್ಲಿ ಹೇಳಿ ಹಗುರಾಗುವ ಜಾಗವೇ ಇಲ್ಲ. ತಪ್ಪೊಪ್ಪಿಕೊಳ್ಳುವುದಾದರೆ ಇಡೀ ಸಭೆಯ ಮುಂದೆ, ಎದ್ದು ನಿಂತು. ಸೇಲಮ್‌ನಲ್ಲಿ 1692ರಲ್ಲಿ ಮಾಟದ ಆರೋಪದ ಮೇಲೆ 19 ಜನರನ್ನು ಗಲ್ಲಿಗೇರಿಸಿದ ನ್ಯಾಯಾಲಯದ ನ್ಯಾಯಾಧೀಶರಲ್ಲಿ ಒಬ್ಬ ಸ್ಯಾಮ್ಯುಯೆಲ್ ಸೂಅಲ್. 1697ರಲ್ಲಿ ಅವನು ಬಾಸ್ಟನ್ನಿನ ಚರ್ಚಿನಲ್ಲಿ ಪಾದ್ರಿಯ ಕೈಗೆ ಒಂದು ಚೀಟಿ ಕೊಟ್ಟ. ಪಾದ್ರಿ ಅದನ್ನು ಓದುವಷ್ಟು ಹೊತ್ತೂ ಎಲ್ಲರ ಎದುರು ಎದ್ದು ನಿಂತಿದ್ದ. ಆ ತಪ್ಪಿನ ಹೊಣೆ ಮತ್ತು ನಾಚಿಕೆ ನನ್ನದು ಅಂತ ಅದರಲ್ಲಿತ್ತು. ಅಲ್ಲಿ ಇದೊಂದೇ ದಾರಿ.

ಡಿಮ್ಸ್‌ಡೇಲ್ ಏಳು ವರ್ಷ ಒದ್ದಾಡುವುದು ಅದಕ್ಕೇ. ಹೇಳಿಕೊಳ್ಳಲು ಗೂಡು ಇಲ್ಲ, ಅಟ್ಟಣಿಗೆ ಹತ್ತಲು ಧೈರ್ಯ ಇಲ್ಲ. ಪೀಠದಿಂದ ‘ನಾನು ಪಾಪಿಗಳಲ್ಲೇ ಕಡು ಪಾಪಿ’ ಅಂತ ಮತ್ತೆ ಮತ್ತೆ ಹೇಳುತ್ತಾನೆ. ಜನ ಏನು ಮಾಡುತ್ತಾರೆ? ಎಂಥ ವಿನಯ, ಎಂಥ ಸಂತ ಅಂತ ಇನ್ನೂ ಭಕ್ತಿ ಜಾಸ್ತಿ ಮಾಡುತ್ತಾರೆ. ಜನ ಹೀಗೇ ತಿಳಿದುಕೊಳ್ಳುತ್ತಾರೆ ಅಂತ ಅವನಿಗೂ ಗೊತ್ತು. ಕೊನೆಗೆ ಒಂದು ರಾತ್ರಿ ಯಾರೂ ಇಲ್ಲದಾಗ ಅಟ್ಟಣಿಗೆ ಹತ್ತಿ ನಿಲ್ಲುತ್ತಾನೆ. ನೋಡುವವರಿಲ್ಲದ ಶಿಕ್ಷೆ ಶಿಕ್ಷೆಯಾಗುವುದಿಲ್ಲ, ಅದೂ ಗೊತ್ತು. ನಿಮ್ಮ ಥಾಮಸ್ ಅರ್ಧ ಪುಟದಲ್ಲಿ ಹಗುರಾಗಿ ಮನೆಗೆ ಹೋಗಿ ಮಲಗಿದ. ಆ ಹಗುರವನ್ನು ಅವನಿಗೆ ಕೊಡಬೇಡಿ. ಅವನು ಆ ಗುಂಪಿನಲ್ಲೇ ನಿಂತು ಮೂರು ಗಂಟೆ ನೋಡಲಿ. ನಿಮ್ಮ ಕಥೆಯಲ್ಲಿ ಆ ಮೂರು ಗಂಟೆ ಅವನು ಎಲ್ಲಿದ್ದ? ನೀವು ಹೇಳಿಲ್ಲ.

(ತಮಾಷೆ ಅಂದರೆ, ಇದೇ ಹಾಥಾರ್ನ್ ಹತ್ತು ವರ್ಷದ ನಂತರ, 1860ರ ‘ದಿ ಮಾರ್ಬಲ್ ಫಾನ್’ ಕಾದಂಬರಿಯಲ್ಲಿ ಬಾಸ್ಟನ್ ಇರುವ ನ್ಯೂ ಇಂಗ್ಲೆಂಡ್ ಸೀಮೆಯ ಒಬ್ಬ ಹುಡುಗಿಯನ್ನು ರೋಮ್‌ನ ಸೇಂಟ್ ಪೀಟರ್ಸ್ ಚರ್ಚಿಗೆ ಕರೆದುಕೊಂಡು ಹೋಗಿ ಅಂಥ ಗೂಡಿನ ಮುಂದೆ ಕೂರಿಸುತ್ತಾನೆ. ಅವಳು ತನ್ನ ಗುಟ್ಟು ಹೇಳಿಕೊಂಡು ಹಗುರಾಗುತ್ತಾಳೆ. ಅವನಿಗೂ ಆ ಗೂಡಿನ ಮೇಲೆ ಆಸೆ ಇತ್ತು ಅಂತ ನನ್ನ ಅನುಮಾನ.)

ಇನ್ನು ನಿಮ್ಮ ಉದ್ದೇಶ. ‘ಕ್ರೌರ್ಯವನ್ನು ಬಯಲಿಗೆಳೆಯುವುದು.’ ಹಾಥಾರ್ನ್‌ಗೆ ಅಷ್ಟು ಸುಲಭವಿರಲಿಲ್ಲ. ಅವನು ಸೇಲಮ್‌ನಲ್ಲೇ ಹುಟ್ಟಿದವನು. ಅವನ ಮನೆತನದ ಮೊದಲಿಗ ವಿಲಿಯಂ ಹಾಥಾರ್ನ್ ಕ್ವೇಕರ್ ಪಂಥದವರನ್ನು ಹಿಂಸಿಸಿದವನು. ವಿಲಿಯಂನ ಮಗ ಜಾನ್ ಹಾಥಾರ್ನ್ 1692ರ ಮಾಟದ ವಿಚಾರಣೆಯಲ್ಲಿ ನ್ಯಾಯಾಧೀಶನಾಗಿ ಕೂತವನು. ಕಾದಂಬರಿಯ ಮುನ್ನುಡಿಯಲ್ಲಿ ಇವರಿಬ್ಬರ ಪ್ರಸ್ತಾಪ ಮಾಡಿ, ಅವರ ಪರವಾಗಿ ಆ ನಾಚಿಕೆಯನ್ನು ನಾನು ಹೊರುತ್ತೇನೆ ಅನ್ನುತ್ತಾನೆ. ಅದೇ ಉಸಿರಿನಲ್ಲಿ, ಕಥೆ ಬರೆದುಕೊಂಡು ಕೂತ ನನ್ನನ್ನು ನೋಡಿದರೆ ಅವರು ಕೆಲಸಕ್ಕೆ ಬಾರದವನು ಅನ್ನುತ್ತಿದ್ದರು, ಆದರೂ ಅವರ ಸ್ವಭಾವ ನನ್ನಲ್ಲೂ ಹೆಣೆದುಕೊಂಡಿದೆ ಅಂತಲೂ ಒಪ್ಪುತ್ತಾನೆ. ಅವನು ಆ ಗುಂಪನ್ನು ಹೊರಗೆ ನಿಂತು ನೋಡುತ್ತಿಲ್ಲ, ಅವನ ಮನೆಯವರೇ ಅಲ್ಲಿದ್ದಾರೆ. ಮುದುಕಿಯ ಫ್ಲಾನೆಲ್ ಅವನಿಗೆ ಕಂಡದ್ದು ಹಾಗೆ. ನೀವು ಊರಿನಾಚೆ ಎತ್ತರದಲ್ಲಿ ನಿಂತು ಬೈಯುತ್ತಿದ್ದೀರಿ. ಅಲ್ಲಿಂದ ತಲೆಗಳು ಮಾತ್ರ ಕಾಣುತ್ತವೆ.

ಇದನ್ನು ಬಿಟ್ಟು ನಮ್ಮೂರಿನ ಬಹಿಷ್ಕಾರದ ಬಗ್ಗೆ ಬರೆಯಿರಿ ಅಂತ ಬೇರೆ ಸಂಪಾದಕರು ಹೇಳಬಹುದು. ನಾನು ಹೇಳುವುದಿಲ್ಲ. ಬಾಸ್ಟನ್ನಿನಲ್ಲೇ ಇರಲಿ, 1643ರಲ್ಲೇ ಇರಲಿ. ಮಾರ್ಥಾ ಅಟ್ಟಣಿಗೆಯ ಮೆಟ್ಟಿಲು ಹತ್ತುವುದರಿಂದ ಶುರುಮಾಡಿ ಇಳಿಯುವುದಕ್ಕೆ ನಿಲ್ಲಿಸಿ. ಸಮುದ್ರ ಬೇಡ. ಜನರ ನಡುವೆ ಆರು ಜನರನ್ನು ಆರಿಸಿಕೊಳ್ಳಿ, ಪ್ರತಿಯೊಬ್ಬರೂ ಅಲ್ಲಿಗೆ ಯಾಕೆ ಬಂದರು, ಆಮೇಲೆ ಎಲ್ಲಿಗೆ ಹೋಗಬೇಕು ಅಂತ ಗೊತ್ತುಮಾಡಿಕೊಳ್ಳಿ. ಅವರಲ್ಲಿ ಒಬ್ಬ ಥಾಮಸ್. ಒಬ್ಬರಾದರೂ ಮಾರ್ಥಾಗೆ ಒಳ್ಳೆಯದನ್ನು ಬಯಸುವವರಿರಲಿ, ಅವರಿಂದಲೇ ಅವಳಿಗೆ ಹೆಚ್ಚು ಕಷ್ಟವಾಗಲಿ. ‘ಕ್ರೂರ’, ‘ಮುಗ್ಧ’, ‘ಅಬಲೆ’, ‘ನರಕಯಾತನೆ’, ಈ ನಾಲ್ಕು ಪದ ನನ್ನ ಕಣ್ಣಿಗೆ ಬೀಳಬಾರದು. ಮಗು ಮೂರು ಗಂಟೆಯೂ ಅವಳ ತೋಳಿನಲ್ಲೇ ಇರಲಿ.

ಮೂರು ತಿಂಗಳು ತೆಗೆದುಕೊಳ್ಳಿ, ಅವಸರವಿಲ್ಲ. ಮತ್ತೆ ಕಳಿಸುವಾಗ ಉದ್ದೇಶ ವಿವರಿಸುವ ಪತ್ರ ಬೇಡ, ಕಥೆ ಮಾತ್ರ ಸಾಕು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹೋದ ಸಲ ನುಡಿ ಫಾಂಟಿನಲ್ಲಿ ಕಳಿಸಿದ್ದಿರಿ, ಒತ್ತಕ್ಷರಗಳೆಲ್ಲ ಒಡೆದು ಬಂದು ನಮ್ಮ ಹುಡುಗಿ ಅರ್ಧ ದಿನ ಕೂತು ಸರಿಮಾಡಿದಳು.